ಜಪಾನಿನ ಪುರೊರೆಸು: ಮಾತಾಡಿಕೊಂಡ ಕುಸ್ತಿ, ಮಾತಾಡಿಕೊಳ್ಳದ ಪೆಟ್ಟು

"ಅದೆಲ್ಲಾ ಮೊದ್ಲ ಮಾತಾಡ್ಕೊಂಡು ಆಡೂ ಆಟ ಬಿಡೋ ತಮ್ಮಾ. ಅದನ್ನೇನ್ ನೋಡ್ತಿ?"

ನನ್ನ ಸೋದರಮಾವ ಹೀಗಂದು ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮಾವ ವಯಸ್ಸಿನಲ್ಲಿ ಜಾತ್ರೆ ಕುಸ್ತಿ ಹಿಡಿದವರು. ಕೆಂಪು ಮಣ್ಣಿನಲ್ಲಿ ಒಬ್ಬನ ಬೆನ್ನು ನೆಲಕ್ಕೆ ತಾಗುವ ತನಕ ಬಿಡದ ನಿಕಾಲಿ ಕುಸ್ತಿ ಅವರದು. ನಾನು ತೋರಿಸಿದ್ದು ಜಪಾನಿನ ಕುಸ್ತಿ. ಹಗ್ಗ ಕಟ್ಟಿದ ಚೌಕದೊಳಗೆ ನಡೆಯುವ, ಯಾರು ಗೆಲ್ಲಬೇಕು ಎಂಬುದು ಮೊದಲೇ ತೀರ್ಮಾನವಾಗಿರುವ ಕುಸ್ತಿ. ಅಲ್ಲಿಯವರು ಇದನ್ನು 'ಪುರೊರೆಸು' ಅನ್ನುತ್ತಾರೆ. 'ಪ್ರೊಫೆಷನಲ್ ರೆಸ್ಲಿಂಗ್' ಎಂಬ ಮಾತು ಜಪಾನಿ ನಾಲಿಗೆಯಲ್ಲಿ ಹೀಗೆ ಮೊಟಕಾಗಿದೆ.

ಮಾವ ಹೇಳಿದ್ದು ಸುಳ್ಳೇನಲ್ಲ. ಆದರೆ ದುಶ್ಶಾಸನ ಸಾಯುತ್ತಾನೆ ಅಂತ ಗೊತ್ತಿದ್ದೂ ಬೆಳಗಿನ ತನಕ ಬಯಲಾಟಕ್ಕೆ ಕೂರುವವರು ನಾವು. ಕಥೆಯ ಕೊನೆ ಗೊತ್ತಿದ್ದರೆ ಆಟ ಸಪ್ಪೆಯಾಗಬೇಕೆಂದಿಲ್ಲ. ಜೊತೆಗೆ ಪುರೊರೆಸುವಿನ ಇತಿಹಾಸದಲ್ಲಿ ಇನ್ನೊಂದು ವಿಷಯವಿದೆ. ಆಡಿದ ಮಾತು ಅಲ್ಲಿ ಹಲವು ಸಲ ಮುರಿದಿದೆ. ಕೆಲವೊಮ್ಮೆ ಮಾತು ಉಳಿದು, ಮೈ ಮುರಿದಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಜಾಗಗಳೇ. ಮಾವನಿಗೆ ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1954ರ ಫೆಬ್ರವರಿ 19. ಟೋಕಿಯೊದ ಕುರಾಮಾಯೆ ಎಂಬಲ್ಲಿನ ಸುಮೊ ಸಭಾಂಗಣ. ಜಪಾನ್ ಯುದ್ಧದಲ್ಲಿ ಸೋತು ಒಂಬತ್ತು ವರ್ಷವೂ ಆಗಿರಲಿಲ್ಲ. ಅಮೆರಿಕದ ಸೇನೆಯ ಆಡಳಿತ ಮುಗಿದು ಎರಡು ವರ್ಷ ತುಂಬಿರಲಿಲ್ಲ. ಅಖಾಡದ ಒಂದು ಮೂಲೆಯಲ್ಲಿ ಬೆನ್ ಮತ್ತು ಮೈಕ್ ಶಾರ್ಪ್ ಎಂಬ ಬಿಳಿಯ ಅಣ್ಣತಮ್ಮಂದಿರು, ಇಬ್ಬರೂ ಆಜಾನುಬಾಹುಗಳು. ಇನ್ನೊಂದು ಮೂಲೆಯಲ್ಲಿ ಸುಮೊ ಬಿಟ್ಟು ಬಂದ ರಿಕಿದೋಜಾನ್, ಜೊತೆಗೆ ಜೂಡೊದ ದೊಡ್ಡ ಹೆಸರು ಮಸಾಹಿಕೊ ಕಿಮುರಾ.

ಜಪಾನಿನಲ್ಲಿ ಟಿವಿ ಪ್ರಸಾರ ಶುರುವಾಗಿದ್ದೇ ಹಿಂದಿನ ವರ್ಷ, 1953ರಲ್ಲಿ. ಸಾಮಾನ್ಯರ ಮನೆಗೆ ಟಿವಿ ಎಂಬುದು ಕನಸು. ಅದಕ್ಕೇ ನಿಪ್ಪಾನ್ ಟಿವಿ ಕಂಪನಿಯವರು ರೈಲು ನಿಲ್ದಾಣಗಳ ಎದುರು, ಜನ ಸೇರುವ ಕಡೆಗಳಲ್ಲಿ ಟಿವಿ ನಿಲ್ಲಿಸಿದ್ದರು. ಶಿಂಬಾಶಿ ನಿಲ್ದಾಣದ ಮುಂದೆ ಆ ಚಿಕ್ಕ ಪೆಟ್ಟಿಗೆ ನೋಡಲು ಸಾವಿರಾರು ಜನ ಮುಗಿಬಿದ್ದರು. ಆ ಕಾಲದ ಫೋಟೊಗಳಲ್ಲಿ ಕಣ್ಣು ಹಾಯಿಸಿದಷ್ಟೂ ತಲೆಗಳೇ. ಪಂಚಾಯಿತಿ ಕಟ್ಟೆಯಲ್ಲಿ ಟಿವಿ ಇಟ್ಟು ಊರಿಗೆ ಊರೇ ರಾಮಾಯಣ ನೋಡಿದ್ದನ್ನು ನಿಮ್ಮ ಅಪ್ಪ ಅಮ್ಮ ಹೇಳಿರಬಹುದು, ಅದೇ ದೃಶ್ಯ. (ಆ ರಾಮಾಯಣದ ಹನುಮಂತ ದಾರಾ ಸಿಂಗ್ ಕೂಡ ಇದೇ ಲೋಕದವನು. ರಿಕಿದೋಜಾನ್ ಎದುರು ಆಡಿದ ಅಮೆರಿಕದ ಚಾಂಪಿಯನ್ ಲೂ ಥೆಜ್‌ನನ್ನು ದಾರಾ ಸಿಂಗ್ 1968ರಲ್ಲಿ ಮುಂಬೈಯಲ್ಲಿ ಸೋಲಿಸಿದ.)

ಕಥೆ ಸರಳ. ಬಿಳಿಯರು ಮೊದಲು ಮೋಸ ಮಾಡುತ್ತಾರೆ. ರಿಕಿದೋಜಾನ್ ತಾಳುತ್ತಾನೆ, ತಾಳುತ್ತಾನೆ. ಕೊನೆಗೆ ಅಂಗೈಯ ಅಂಚನ್ನು ಕತ್ತಿಯ ಹಾಗೆ ಬೀಸಿ ಎದೆಗೆ ಹೊಡೆಯುತ್ತಾನೆ. ಇದೇ ಅವನ ಹೆಸರಾಂತ ಕರಾಟೆ ಪೆಟ್ಟು. ದೊಡ್ಡ ದೇಹಗಳು ಹಿಂದೆ ಸರಿಯುತ್ತವೆ. ರಸ್ತೆಯಲ್ಲಿ ನಿಂತ ಜನ ಹುಚ್ಚೆದ್ದು ಕೂಗುತ್ತಾರೆ. ಒಂಬತ್ತು ವರ್ಷಗಳಿಂದ ತಲೆ ತಗ್ಗಿಸಿಕೊಂಡಿದ್ದ ಜನರಿಗೆ ಅದು ಬರೀ ಕುಸ್ತಿ ಆಗಿರಲಿಲ್ಲ.

ಇಲ್ಲಿ ಎರಡು ಸುಳ್ಳುಗಳಿವೆ, ಗೆಲುವು ಸೋಲು ಬಿಟ್ಟು. ಒಂದು, ಜನ ಅಮೆರಿಕನ್ನರೆಂದುಕೊಂಡಿದ್ದ ಶಾರ್ಪ್ ಅಣ್ಣತಮ್ಮಂದಿರು ಕೆನಡಾದವರು. ಎರಡನೆಯದು ದೊಡ್ಡದು. ಜಪಾನಿನ ಮಾನ ಉಳಿಸಿದ ಆ ವೀರ ಜಪಾನಿಯೇ ಅಲ್ಲ. ರಿಕಿದೋಜಾನ್ ಹುಟ್ಟಿದ್ದು ಕೊರಿಯಾದಲ್ಲಿ, ಈಗ ಉತ್ತರ ಕೊರಿಯಾಕ್ಕೆ ಸೇರಿದ ಭಾಗದಲ್ಲಿ. ಹುಟ್ಟು ಹೆಸರು ಕಿಮ್ ಸಿನ್ ರಾಕ್. ಕೊರಿಯಾ ಆಗ ಜಪಾನಿನ ಕೈಕೆಳಗಿನ ವಸಾಹತು. ಹುಡುಗನಾಗಿದ್ದಾಗಲೇ ಸುಮೊಗೆ ಬಂದ. ಜಪಾನಿನಲ್ಲಿ ಕೊರಿಯನ್ನರನ್ನು ಕೀಳಾಗಿ ಕಾಣುತ್ತಿದ್ದ ಕಾಲ ಅದು. ಅವನು ನಾಗಸಾಕಿ ಸೀಮೆಯ ಒಮುರಾ ಊರಿನವನು ಎಂಬ ಕಥೆ ಕಟ್ಟಲಾಯಿತು, ಜಪಾನಿ ಹೆಸರೂ ಬಂತು. ಸುಮೊದಲ್ಲಿ ಸೆಕಿವಾಕೆ ಎಂಬ ಎತ್ತರದ ದರ್ಜೆಗೆ ಏರಿ, 1950ರಲ್ಲಿ ತನ್ನ ಜುಟ್ಟನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಕೋಟ್ಯಂತರ ಜನ ಅವನ ಹೆಸರು ಕೂಗುತ್ತಿದ್ದರು, ಅದು ಅವನ ಹೆಸರಾಗಿರಲಿಲ್ಲ. ಸಾಯುವ ತನಕ ಬಹುಪಾಲು ಅಭಿಮಾನಿಗಳಿಗೆ ಇದು ಗೊತ್ತಿರಲಿಲ್ಲ. ಅಖಾಡದೊಳಗಿನ ವೇಷ ಗಂಟೆ ಹೊಡೆದ ಮೇಲೆ ಕಳಚುತ್ತದೆ, ಇದನ್ನು ಅವನು ಮನೆಗೂ ಹೊತ್ತುಕೊಂಡು ಹೋಗಬೇಕಿತ್ತು.

ಅದೇ ವರ್ಷ ಡಿಸೆಂಬರ್ 22ರಂದು ಜೊತೆಗಾರರಿಬ್ಬರೇ ಎದುರುಬದುರಾದರು. ಕಿಮುರಾ ಸಾಮಾನ್ಯನಲ್ಲ. 1951ರಲ್ಲಿ ಬ್ರೆಜಿಲ್‌ಗೆ ಹೋಗಿ, ಅಲ್ಲಿನ ಜುಜುತ್ಸು ಮನೆತನದ ಎಲಿಯೊ ಗ್ರೇಸಿಯ ತೋಳನ್ನು ತಿರುಚಿ ಮುರಿದು ಬಂದವನು. ಆ ಪಟ್ಟಿಗೆ ಇಂದಿಗೂ ಲೋಕದಾದ್ಯಂತ 'ಕಿಮುರಾ' ಎಂದೇ ಹೆಸರು. ಕಿಮುರಾ ಆಮೇಲೆ ಹೇಳಿದ ಪ್ರಕಾರ ಮಾತಾಗಿದ್ದು ಇಷ್ಟು: ಮೊದಲ ಆಟ ಸಮ, ಮುಂದಿನದನ್ನು ಯಾರು ಗೆಲ್ಲಬೇಕೆಂದು ಕಲ್ಲು-ಕಾಗದ-ಕತ್ತರಿ ಆಡಿ ತೀರ್ಮಾನಿಸುವುದು. ಆಟ ಹಾಗೇ ಸಾಗಿತ್ತು. ನಡುವೆ ಕಿಮುರಾನ ಕಾಲು ಮರ್ಮಕ್ಕೆ ಬಿತ್ತು ಎಂದು ರಿಕಿದೋಜಾನ್ ಸಿಟ್ಟಿಗೆದ್ದ. ಸಿಟ್ಟು ನಿಜವೋ ನೆಪವೋ, ಇಂದಿಗೂ ವಾದ ನಡೆದಿದೆ. ಆ ಹಳೆಯ ಚಿತ್ರ ನೋಡಿದರೆ ಎಂಥವರಿಗೂ ತಿಳಿಯುತ್ತದೆ, ಅಲ್ಲಿಂದ ಮುಂದೆ ಬಿದ್ದ ಪೆಟ್ಟುಗಳು ಆಟದ ಪೆಟ್ಟುಗಳಲ್ಲ. ಕಿಮುರಾ ಕೈ ಕೆಳಗಿಳಿಸಿ ನಿಂತಿದ್ದ, ಏಕೆಂದರೆ ಅವನು ಮಾತು ನಂಬಿದ್ದ. ರಕ್ತ ಸುರಿಸುತ್ತ ನೆಲಕ್ಕೆ ಬಿದ್ದವನು ಏಳಲಿಲ್ಲ. ಹಿಡಿದರೆ ಯಾರ ಕೈಯನ್ನಾದರೂ ಮುರಿಯಬಲ್ಲ ಮನುಷ್ಯ, ನಾಟಕದ ಕುಸ್ತಿಯಲ್ಲಿ ನಿಜವಾಗಿ ಸೋತ.

ನನಗೆ ರಿಕಿದೋಜಾನ್ ಇಷ್ಟ. ಆದರೆ ಆ ಚಿತ್ರ ನೋಡಿದಾಗಲೆಲ್ಲ ನನ್ನ ಮನಸ್ಸು ಕಿಮುರಾನ ಕಡೆಗೇ.

ಮುಂದಿನ ಒಂಬತ್ತು ವರ್ಷ ರಿಕಿದೋಜಾನನದೇ ರಾಜ್ಯ. 1963ರ ಮೇ 24ರಂದು ಡೆಸ್ಟ್ರಾಯರ್ ಎಂಬ ಮುಖವಾಡದ ಅಮೆರಿಕನ್ ಜೊತೆ ಆಡಿದ ಕುಸ್ತಿಯನ್ನು ಟಿವಿ ಇದ್ದ ನೂರು ಮನೆಗಳಲ್ಲಿ 64 ಮನೆ ನೋಡಿದವಂತೆ. ಅದೇ ವರ್ಷ ಡಿಸೆಂಬರ್ 8ರ ರಾತ್ರಿ ಟೋಕಿಯೊದ ನೈಟ್ ಕ್ಲಬ್ ಒಂದರಲ್ಲಿ ಯಾಕುಜಾ ಗುಂಪಿನವನೊಬ್ಬ ಚಾಕು ಹಾಕಿದ. ಒಂದು ವಾರಕ್ಕೆ ಸತ್ತ. ವಯಸ್ಸು 39.

ಅವನು ಬಿಟ್ಟುಹೋದ ಶಿಷ್ಯರಲ್ಲಿ ಇಬ್ಬರು ದೊಡ್ಡವರು. ಒಬ್ಬ ಜೈಂಟ್ ಬಾಬಾ, ಬೇಸ್‌ಬಾಲ್ ಆಡುತ್ತಿದ್ದ ಆರೂ ಮುಕ್ಕಾಲು ಅಡಿ ಮೀರಿದ ಆಸಾಮಿ. ಇನ್ನೊಬ್ಬ ಆಂಟೋನಿಯೊ ಇನೋಕಿ. ಇನೋಕಿಯ ಮನೆಯವರು ಕೂಲಿ ಅರಸಿ ಬ್ರೆಜಿಲ್‌ಗೆ ಹೋದವರು. ಹದಿನಾಲ್ಕರ ಹುಡುಗ ಅಲ್ಲಿ ಕಾಫಿ ತೋಟದಲ್ಲಿ ದುಡಿದ. 1960ರಲ್ಲಿ ಬ್ರೆಜಿಲ್‌ಗೆ ಹೋಗಿದ್ದ ರಿಕಿದೋಜಾನ್ ಅವನನ್ನು ಕಂಡು ಕರೆತಂದ. ಬಾಬಾ, ಇನೋಕಿ ಇಬ್ಬರೂ 1960ರ ಸೆಪ್ಟೆಂಬರ್ 30ರಂದು, ಒಂದೇ ದಿನ ಅಖಾಡಕ್ಕಿಳಿದರು. ಬಾಬಾ ಗೆದ್ದ, ಇನೋಕಿ ಸೋತ. 1972ರಲ್ಲಿ ಇಬ್ಬರೂ ಬೇರೆಬೇರೆ ಕಂಪನಿ ಕಟ್ಟಿದರು. ಇನೋಕಿಯದು ನ್ಯೂ ಜಪಾನ್, ಬಾಬಾನದು ಆಲ್ ಜಪಾನ್.

ನ್ಯೂ ಜಪಾನ್‌ನ ಹುಡುಗರಿಗೆ ಗುರುವಾಗಿದ್ದವನು ಯುರೋಪಿನಿಂದ ಬಂದ ಕಾರ್ಲ್ ಗಾಚ್. ಅವನು ಮಾಡಿಸುತ್ತಿದ್ದದ್ದೇನು ಗೊತ್ತೇ? ನಮ್ಮ ಗರಡಿಯ ದಂಡ, ಬೈಠಕ್. ನೂರಲ್ಲ, ಸಾವಿರ ಲೆಕ್ಕದಲ್ಲಿ. ಲೋಕದ ಕುಸ್ತಿಯವರು ಇವತ್ತಿಗೂ ಅವನ್ನು ಹಿಂದೂ ಪುಷಪ್, ಹಿಂದೂ ಸ್ಕ್ವಾಟ್ ಅಂತಲೇ ಕರೆಯುತ್ತಾರೆ. ಈ ವಿಷಯ ಹೇಳಿದಾಗ ಮಾತ್ರ ಮಾವ ಸ್ವಲ್ಪ ಮೆತ್ತಗಾದರು.

ಇನೋಕಿಗೆ ಒಂದೇ ಹಟ. ನಮ್ಮದು ನಾಟಕವಲ್ಲ, ಯಾರ ಎದುರಾದರೂ ನಿಲ್ಲುತ್ತೇವೆ ಎಂದು ತೋರಿಸಬೇಕು. ಅದಕ್ಕೆ 1976ರ ಜೂನ್ 26ರಂದು ಬಾಕ್ಸಿಂಗ್ ದೊರೆ ಮುಹಮ್ಮದ್ ಅಲಿಯನ್ನೇ ಟೋಕಿಯೊಗೆ ಕರೆಸಿದ. ಇನೋಕಿ ಎತ್ತಿ ಎಸೆಯುವಂತಿಲ್ಲ, ನಿಂತುಕೊಂಡು ಒದೆಯುವಂತಿಲ್ಲ ಎಂದೆಲ್ಲ ನಿಬಂಧನೆಗಳು ಬಿದ್ದವು. ಇನೋಕಿ ಗಂಟೆ ಹೊಡೆದ ಕೂಡಲೇ ನೆಲದ ಮೇಲೆ ಮಲಗಿ ಅಲಿಯ ಕಾಲಿಗೆ ಒದೆಯತೊಡಗಿದ. ಹದಿನೈದು ಸುತ್ತು ಅದೇ. ಅಲಿ ಹೊಡೆದ ಗುದ್ದುಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಸಮ ಎಂದು ತೀರ್ಪಾಯಿತು, ಜನ ಸಿಟ್ಟಿಗೆದ್ದು ಕೈಗೆ ಸಿಕ್ಕಿದ್ದನ್ನು ಎಸೆದರು. ಮಾತಾಡಿಕೊಳ್ಳದೆ ನಡೆದ ಆಟ ಜನರಿಗೆ ಬೇಸರ ತರಿಸಿತು. ಅಲಿಯ ಕಾಲಿನ ಗಾಯ ಮಾತ್ರ ನಿಜವಾಗಿತ್ತು, ಅವನು ಆಸ್ಪತ್ರೆ ಸೇರಬೇಕಾಯಿತು.

ಆರು ತಿಂಗಳು ಕಳೆಯುವ ಮುನ್ನ ಇನ್ನೊಂದು. ಪಾಕಿಸ್ತಾನದ ಕರಾಚಿ, 1976ರ ಡಿಸೆಂಬರ್ 12. ಎದುರಿಗೆ ಅಕ್ರಮ್ ಪೈಲ್ವಾನ. ಗಾಮಾ ಪೈಲ್ವಾನನ ಹೆಸರು ಕೇಳದ ಗರಡಿ ನಮ್ಮಲ್ಲಿಲ್ಲ. ಆ ಗಾಮಾನ ತಮ್ಮ ಇಮಾಮ್ ಬಕ್ಷ್‌ನ ಮಗ ಈ ಅಕ್ರಮ್. ಇನೋಕಿ ಹೇಳಿಕೊಂಡ ಪ್ರಕಾರ, ಇದು ಮಾತಾಡಿಕೊಂಡ ಆಟವಲ್ಲ ಎಂಬುದು ಅವನಿಗೆ ಗೊತ್ತಾಗಿದ್ದೇ ಆಟಕ್ಕೆ ಸ್ವಲ್ಪ ಮುಂಚೆ. ಅಕ್ರಮ್‌ಗೆ ಮನೆತನದ ಮರ್ಯಾದೆ, ಇನೋಕಿಗೆ ತನ್ನ ಹೊಟ್ಟೆಪಾಡು. ಇಬ್ಬರೂ ಬಿಡಲಿಲ್ಲ. ಕಚ್ಚುವುದು, ಕಣ್ಣಿಗೆ ಬೆರಳು ಹಾಕುವುದು ಎಲ್ಲವೂ ಆಯಿತು. ಮೂರನೇ ಸುತ್ತಿನಲ್ಲಿ ಇನೋಕಿ ಅಕ್ರಮ್‌ನ ತೋಳನ್ನು ಹಿಂದಕ್ಕೆ ತಿರುಚಿ ಹಿಡಿದ. ಅದೇ ಕಿಮುರಾನ ಪಟ್ಟು. ಅಕ್ರಮ್ ಸೋಲೊಪ್ಪಲಿಲ್ಲ, ತೋಳು ಮುರಿಯಿತು. ಕ್ರೀಡಾಂಗಣ ಸ್ತಬ್ಧ.

ಗುರುವಿನ ಕೈಯಲ್ಲಿ ಮೋಸಹೋದವನ ಪಟ್ಟು ಇಪ್ಪತ್ತೆರಡು ವರ್ಷದ ನಂತರ ಶಿಷ್ಯನ ಪ್ರಾಣ ಉಳಿಸಿತು ಎಂದು ನಾನು ಅಂದುಕೊಳ್ಳುತ್ತೇನೆ. ಇದು ಅಭಿಮಾನಿಯ ಲೆಕ್ಕ, ಇತಿಹಾಸಕಾರರದಲ್ಲ.

1979ರಲ್ಲಿ ಸೇಡು ತೀರಿಸಲು ಅದೇ ಮನೆತನದ ಹುಡುಗ ಝಾರಾ ಲಾಹೋರಿನಲ್ಲಿ ಇನೋಕಿಯ ಎದುರು ನಿಂತ. ಹತ್ತೊಂಬತ್ತರ ಆಸುಪಾಸಿನ ಪ್ರಾಯ. ಐದು ಸುತ್ತು ಮುಗಿದರೂ ಯಾರೂ ಸೋಲಲಿಲ್ಲ. ಆಗ ಇನೋಕಿ ತಾನೇ ಹೋಗಿ ಹುಡುಗನ ಕೈ ಎತ್ತಿ ಹಿಡಿದ. ಪಾಕಿಸ್ತಾನದಲ್ಲಿ ಇನೋಕಿಯ ಮೇಲಿನ ಸಿಟ್ಟು ಪ್ರೀತಿಯಾಗಿ ತಿರುಗಿದ್ದು ಅಲ್ಲಿಂದ. ಮುಂದೆ ಇನೋಕಿ ಜಪಾನಿನ ಸಂಸತ್ತಿಗೆ ಆಯ್ಕೆಯಾದ. 1995ರ ಏಪ್ರಿಲ್‌ನಲ್ಲಿ ತನ್ನ ಗುರು ಹುಟ್ಟಿದ ನಾಡಿಗೆ, ಉತ್ತರ ಕೊರಿಯಾದ ಪ್ಯೊಂಗ್ಯಾಂಗ್‌ಗೆ ಪುರೊರೆಸು ಒಯ್ದು ಎರಡು ದಿನ ಆಡಿಸಿದ. ಹಳೆಯ ಎದುರಾಳಿ ಅಲಿಯೂ ಹೋಗಿದ್ದ. ರಿಕಿದೋಜಾನ್ ಬದುಕಿದ್ದಾಗ ಬಾಯಿಬಿಟ್ಟು ಹೇಳಲಾಗದ ಊರಿನ ನೆಲದಲ್ಲಿ ಶಿಷ್ಯ ಕುಸ್ತಿ ಆಡಿದ.

ಗಂಡಸರ ಕಥೆ ಇನ್ನೂ ಇದೆ, ಆಮೇಲೆ ಬರುತ್ತೇನೆ. ಪುರೊರೆಸುವಿನಲ್ಲಿ ನನ್ನ ಮೈ ನಡುಗಿಸಿದ ಆಟ ಹೆಣ್ಣುಮಕ್ಕಳದು.

1968ರಲ್ಲಿ ಮಾತ್ಸುನಾಗಾ ಸಹೋದರರು ಹೆಂಗಸರ ಕುಸ್ತಿಗೆಂದೇ ಒಂದು ಕಂಪನಿ ಕಟ್ಟಿದರು. ಹೈಸ್ಕೂಲು ಮೆಟ್ಟಿಲು ಹತ್ತುವ ವಯಸ್ಸಿನ ಹುಡುಗಿಯರು ಬಂದು ಸೇರುತ್ತಿದ್ದರು. ಕುಡಿಯುವಂತಿಲ್ಲ, ಸಿಗರೇಟು ಸೇದುವಂತಿಲ್ಲ, ಹುಡುಗರ ಜೊತೆ ಸ್ನೇಹ ಮಾಡುವಂತಿಲ್ಲ. ಇಪ್ಪತ್ತೈದು ತುಂಬುತ್ತಿದ್ದಂತೆ ಮನೆಗೆ ಹೋಗಬೇಕು. ಮದುವೆ ವಯಸ್ಸು ಎಂಬ ಲೆಕ್ಕ ಅಲ್ಲೂ ಬಿಟ್ಟಿರಲಿಲ್ಲ ನೋಡಿ. ಇನ್ನೊಂದು ವಿಚಿತ್ರ: ಆ ಕಂಪನಿಯಲ್ಲಿ ಕೆಲವು ಆಟಗಳ ಫಲಿತಾಂಶ ಮೊದಲೇ ತೀರ್ಮಾನ ಆಗುತ್ತಿರಲಿಲ್ಲ. ಒಂದು ಹಂತದ ನಂತರ ಯಾರು ಯಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾರೋ ಅವರು ಗೆದ್ದ ಹಾಗೆ. ಅಂದರೆ ನಿಕಾಲಿ.

1980ರಲ್ಲಿ ಒಟ್ಟಿಗೆ ಸೇರಿದವರಲ್ಲಿ ಮೂವರು: ಚಿಗುಸಾ ನಾಗಾಯೊ, ಲಯನೆಸ್ ಅಸುಕಾ, ಮತ್ತು ಕಾವೊರು ಮಾತ್ಸುಮೊಟೊ. ಚಿಗುಸಾಳ ಊರು ಒಮುರಾ. ಹೌದು, ರಿಕಿದೋಜಾನ್ ತನ್ನದೆಂದು ಹೇಳಿಕೊಂಡ ಅದೇ ಒಮುರಾ. ಚಿಗುಸಾ, ಅಸುಕಾ ಸೇರಿ 'ಕ್ರಶ್ ಗ್ಯಾಲ್ಸ್' ಎಂಬ ಜೋಡಿಯಾದರು. ಕುಸ್ತಿ ಆಡಿದರು, ಹಾಡಿದರು, ಅವರ ಹಾಡಿನ ರೆಕಾರ್ಡುಗಳೂ ಬಂದವು. ಇವರನ್ನು ಹುಚ್ಚೆದ್ದು ಪ್ರೀತಿಸಿದ್ದು ಹುಡುಗರಲ್ಲ, ಶಾಲೆಗೆ ಹೋಗುವ ಹುಡುಗಿಯರು. ಸಭಾಂಗಣ ತುಂಬ ಅವರೇ. ದಪ್ಪಗಿದ್ದ, ಯಾರೂ ನಾಯಕಿಯಾಗಿ ಕಾಣದ ಮಾತ್ಸುಮೊಟೊ ಮುಖಕ್ಕೆ ಬಣ್ಣ ಬಳಿದು, ಕೈಯಲ್ಲಿ ಸರಪಳಿ, ಬಿದಿರು ಕೋಲು ಹಿಡಿದು 'ಡಂಪ್ ಮಾತ್ಸುಮೊಟೊ' ಆದಳು. ಜಪಾನಿನ ಹುಡುಗಿಯರೆಲ್ಲ ಶಾಪ ಹಾಕುವ ಖಳನಾಯಕಿ.

1985ರ ಆಗಸ್ಟ್ 28, ಒಸಾಕಾ. ಸೋತವಳು ತಲೆ ಬೋಳಿಸಿಕೊಳ್ಳಬೇಕು ಎಂಬ ಪಂದ್ಯ. ಡಂಪ್ ಚಿಗುಸಾಳ ಹಣೆ ಒಡೆದಳು. ರಕ್ತದಲ್ಲಿ ತೊಯ್ದ ಚಿಗುಸಾ ಹತ್ತು ಎಣಿಸುವಷ್ಟರಲ್ಲಿ ಏಳಲಾಗಲಿಲ್ಲ. ಗೆಳತಿಯರು ಅಡ್ಡ ಬಂದರೂ ಕೇಳಲಿಲ್ಲ. ಅಖಾಡದ ನಡುವೆ ಕೂರಿಸಿ, ಯಂತ್ರ ಹಾಕಿ ತಲೆ ಬೋಳಿಸಿದರು. ಆ ಚಿತ್ರದಲ್ಲಿ ನಾನು ಅಖಾಡ ನೋಡುವುದು ಕಡಿಮೆ, ಪ್ರೇಕ್ಷಕರನ್ನೇ ನೋಡುತ್ತೇನೆ. ಸಮವಸ್ತ್ರದ ವಯಸ್ಸಿನ ಹುಡುಗಿಯರು ಮನೆಯಲ್ಲಿ ಸಾವಾದಂತೆ ಅಳುತ್ತಿದ್ದಾರೆ. ಇಪ್ಪತ್ತು ವರ್ಷದ ಒಬ್ಬ ಹೆಣ್ಣುಮಗಳು ನಿಜವಾದ ಕೂದಲು ಕಳೆದುಕೊಳ್ಳುತ್ತಿದ್ದಾಳೆ. ಗೆಲುವು ಸೋಲು ಮೊದಲೇ ಮಾತಾಗಿತ್ತು ಎಂದು ಅಲ್ಲಿ ಯಾರಿಗೆ ಹೇಳುತ್ತೀರಿ?

ಮರುವರ್ಷ ನವೆಂಬರ್‌ನಲ್ಲಿ ಚಿಗುಸಾ ಗೆದ್ದಳು, ಡಂಪ್‌ಳ ತಲೆ ಬೋಳಾಯಿತು. 1988ರಲ್ಲಿ ಡಂಪ್ ವಿದಾಯದ ಆಟ ಆಡುವಾಗ ಚಿಗುಸಾ ಅವಳ ಜೊತೆಗಾರ್ತಿಯಾಗಿ ನಿಂತಳು. ಎಂಟು ವರ್ಷದ ಹಿಂದೆ ಒಂದೇ ಗರಡಿಗೆ ಬಂದ ಹುಡುಗಿಯರು ಕೊನೆಗೆ ಒಂದೇ ಮೂಲೆಯಲ್ಲಿ ನಿಂತದ್ದು ನೋಡಿ ಜನ ಮತ್ತೆ ಅತ್ತರು. ಇವರ ಕಥೆ 2024ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯಾಗಿ ಬಂದಿದೆ, ಅದರ ಕುಸ್ತಿ ದೃಶ್ಯಗಳಿಗೆ ಚಿಗುಸಾಳದೇ ಮಾರ್ಗದರ್ಶನ.

ಇನ್ನು ಬಾಬಾನ ಕಂಪನಿಯ ಕಡೆಗೆ. ಪುರೊರೆಸುವಿನ ಅತಿ ದೊಡ್ಡ ಆಟಗಾರ ಯಾರು ಎಂದು ನನ್ನನ್ನು ಕೇಳಿದರೆ ಹೆಸರು ಒಂದೇ, ಮಿತ್ಸುಹಾರು ಮಿಸಾವಾ. ಮಾತು ಕಡಿಮೆ, ಮುಖದಲ್ಲಿ ಭಾವನೆಯೂ ಕಡಿಮೆ. ಆರು ವರ್ಷ ಹುಲಿ ಮುಖವಾಡ ಹಾಕಿ 'ಟೈಗರ್ ಮಾಸ್ಕ್' ಆಗಿ ಆಡಿದ. 1990ರ ಮೇ 14ರಂದು ಆಟದ ನಡುವೆಯೇ ಜೊತೆಗಾರ ಕವಾಡಾಗೆ ಬೆನ್ನು ತಿರುಗಿಸಿ ಮುಖವಾಡದ ದಾರ ಬಿಚ್ಚಿಸಿ, ಅದನ್ನು ಕಿತ್ತೆಸೆದ. ಮೂರು ವಾರ ಕಳೆದು ಜೂನ್ 8ರಂದು ಕಂಪನಿಯ ದೊಡ್ಡ ಪೈಲ್ವಾನ ಜಂಬೊ ತ್ಸುರುತಾನನ್ನು ಸೋಲಿಸಿದ. ಜನ ಮಿಸಾವಾನ ಹೆಸರು ಕೂಗುವುದನ್ನು ಕೇಳಿ ಬಾಬಾ ಫಲಿತಾಂಶವನ್ನೇ ಬದಲಿಸಿದ ಎಂಬ ಮಾತಿದೆ.

ಮುಂದಿನ ಹತ್ತು ವರ್ಷ ಮಿಸಾವಾ, ಕವಾಡಾ, ಕೊಬಾಶಿ, ತಾವೆ, ಈ ನಾಲ್ವರು ಆಡಿದ ಆಟಗಳಿಗೆ ಸಾಟಿಯಿಲ್ಲ. 1994ರ ಜೂನ್ 3ರ ಮಿಸಾವಾ-ಕವಾಡಾ ಕುಸ್ತಿಯನ್ನು ಒಮ್ಮೆ ನೋಡಿ, ಮಾತು ಅರ್ಥವಾಗಬೇಕಿಲ್ಲ. ಪುರೊರೆಸುವಿನಲ್ಲಿ ಮೊದಲ ಪಾಠ ಬೀಳುವುದು. ಅದಕ್ಕೆ 'ಉಕೆಮಿ' ಅನ್ನುತ್ತಾರೆ. ಗದ್ದವನ್ನು ಎದೆಗೆ ಒತ್ತಿ, ತೋಳನ್ನು ನೆಲಕ್ಕೆ ಬಡಿದು, ಪೆಟ್ಟನ್ನು ಬೆನ್ನಿನ ಅಗಲಕ್ಕೆ ಹಂಚಬೇಕು. ಹೀಗೆ ಬೀಳುವುದರಲ್ಲಿ ಮಿಸಾವಾನಷ್ಟು ನಿಪುಣ ಇನ್ನೊಬ್ಬನಿಲ್ಲ ಎಂದು ಅಲ್ಲಿನವರೇ ಹೇಳುತ್ತಿದ್ದರು. ಅವನು ಚೆನ್ನಾಗಿ ಬೀಳುತ್ತಾನೆ ಎಂದು ಎದುರಾಳಿಗಳು ಇನ್ನೂ ಜೋರಾಗಿ ಎಸೆದರು. ಜನರೂ ಇನ್ನೂ ಬೇಕು ಅಂದರು. ಕುತ್ತಿಗೆಯ ಮೇಲೆ ಬೀಳುವ ಪಟ್ಟುಗಳು ವರ್ಷದಿಂದ ವರ್ಷಕ್ಕೆ ಹೆಚ್ಚಿದವು. 2003ರ ಮಾರ್ಚ್ 1ರಂದು ಮಿಸಾವಾ ಕೊಬಾಶಿಯನ್ನು ಅಖಾಡಕ್ಕೆ ಬರುವ ಎತ್ತರದ ದಾರಿಯಿಂದ ಕೆಳಗಿನ ನೆಲಕ್ಕೆ ಹಿಮ್ಮುಖವಾಗಿ ಎಸೆದ, ತಾನೂ ಜೊತೆಗೇ ಬಿದ್ದ. ನಾನು ಅದನ್ನು ಹತ್ತು ಸಲವಾದರೂ ನೋಡಿ ಚಪ್ಪಾಳೆ ಹೊಡೆದಿದ್ದೇನೆ. ಈಗ ನೋಡುವಾಗ ಕೈ ಏಳುವುದಿಲ್ಲ.

2000ದಲ್ಲಿ ಮಿಸಾವಾ ಹಳೆಯ ಕಂಪನಿ ಬಿಟ್ಟು 'ನೋವಾ' ಎಂಬ ತನ್ನ ಕಂಪನಿ ಕಟ್ಟಿದ್ದ. ಬಹುತೇಕ ಎಲ್ಲರೂ ಅವನ ಹಿಂದೆ ಬಂದಿದ್ದರು. ಅಷ್ಟೂ ಜನರ ಸಂಬಳ ಅವನ ಹೆಗಲಿಗೆ. 2009ರ ಮಾರ್ಚ್‌ಗೆ ನಿಪ್ಪಾನ್ ಟಿವಿ ಅವರ ಕುಸ್ತಿ ತೋರಿಸುವುದನ್ನು ನಿಲ್ಲಿಸಿತು. ಕುತ್ತಿಗೆ ನೋವು ಎಷ್ಟೋ ವರ್ಷಗಳದ್ದು. ಆದರೆ ಟಿಕೆಟ್ ಮಾರುವ ಹೆಸರು ಅವನದೇ ಆಗಿತ್ತು, ಮಾಲೀಕನೂ ಅವನೇ. ರಜೆ ಕೊಡುವವರು ಯಾರು?

2009ರ ಜೂನ್ 13, ಹಿರೋಷಿಮಾ. ಜೋಡಿ ಕುಸ್ತಿ. ಎದುರಾಳಿ ಅಕಿತೋಶಿ ಸೈಟೊ ಹಿಂದಿನಿಂದ ಸೊಂಟ ಹಿಡಿದು ಎತ್ತಿ ಬೆನ್ನ ಹಿಂದಕ್ಕೆ ಎಸೆದ. ಪುರೊರೆಸುವಿನಲ್ಲಿ ದಿನಾ ನಡೆಯುವ ಪಟ್ಟು, ಮಿಸಾವಾ ಸಾವಿರಾರು ಸಲ ಬಿದ್ದ ರೀತಿ. ಈ ಸಲ ಏಳಲಿಲ್ಲ. ಪಂಚ ಬಗ್ಗಿ ಕೇಳಿದಾಗ ಮೈ ಅಲುಗಾಡಿಸಲು ಆಗುತ್ತಿಲ್ಲ ಎಂದು ಹೇಳಿ ಪ್ರಜ್ಞೆ ತಪ್ಪಿದ ಎಂದು ವರದಿಯಾಯಿತು. ಜನ ಅವನ ಹೆಸರು ಕೂಗುತ್ತಲೇ ಇದ್ದರು, ಮಿಸಾವಾ, ಮಿಸಾವಾ ಎಂದು. ಅದೇ ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡ. ಕುತ್ತಿಗೆಯ ನರಹುರಿಗೆ ಪೆಟ್ಟಾಗಿತ್ತು. ನಲವತ್ತೇಳು ತುಂಬಲು ಐದು ದಿನ ಬಾಕಿ.

ಈ ಭಾಗ ಹೇಳಿದಾಗ ಮಾವ ಸುಮ್ಮನೆ ಕೂತಿದ್ದರು. ಆಮೇಲೆ ಕೇಳಿದ್ದು ಒಂದೇ: "ಕೆಡವಿದಾವ ಏನಾದ?"

ಮರುದಿನ ಫುಕುವೊಕಾದಲ್ಲಿ ನೋವಾದ ಆಟ ಇತ್ತು, ರದ್ದು ಮಾಡಲಿಲ್ಲ. ಸೈಟೊ ಬಂದ. ಅಖಾಡದಲ್ಲಿ ಮಿಸಾವಾನ ಫೋಟೊದ ಮುಂದೆ ಮಂಡಿಯೂರಿ ತಲೆ ನೆಲಕ್ಕೆ ಹಚ್ಚಿದ. ಆಮೇಲೆ ಎದ್ದು ಆ ದಿನದ ಕುಸ್ತಿ ಆಡಿದ. ಅದಾದ ಮೇಲೂ ವರ್ಷಗಟ್ಟಲೆ ಆಡಿ 2024ರಲ್ಲಿ ಅಖಾಡ ಬಿಟ್ಟ.